ಅಂಕೆ ಸಾಲದು, ವರದಿ ಕೊಡಿ

ಆ ಚೀಟಿಯಲ್ಲಿ ಇದ್ದದ್ದು ಎರಡೇ ಸಾಲು. ಮೊದಲನೆಯದು ಪ್ರಬಂಧದ ಶೀರ್ಷಿಕೆ, ಎರಡನೆಯದು ‘ಹೋಲಿಕೆ ಪ್ರಮಾಣ: ಶೇ. 38’. ಕೆಳಗೊಂದು ಮೊಹರು. ಯಾರು ಪರಿಶೀಲಿಸಿದರು, ಯಾವ ಸಾಫ್ಟ್‌ವೇರ್‌ನಲ್ಲಿ, ಯಾವ ದಿನ ಎಂಬ ವಿವರ ಒಂದೂ ಇರಲಿಲ್ಲ. ಪೆರ್ಲದಿಂದ ಬಸ್ಸು ಹಿಡಿದು ಬಂದಿದ್ದ ಸಂಶೋಧನಾರ್ಥಿನಿ ಅದನ್ನು ಎಷ್ಟು ಸಲ ಬಿಡಿಸಿ ಮಡಚಿದ್ದಳೋ, ಮಡಿಕೆಯ ಗೆರೆಯಲ್ಲೇ ಕಾಗದ ಹರಿಯತೊಡಗಿತ್ತು. ಹೊರಗೆ ಆಟಿಯ ಮಳೆ. ಪ್ರಬಂಧದ ಪ್ರತಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಎದೆಗವಚಿಕೊಂಡು ತಂದಿದ್ದಳು. ಕುಳಿತವಳೇ ಕೇಳಿದಳು: “ಟೀಚರೇ, ನಾನು ಕದ್ದದ್ದು ಎಲ್ಲಿ ಎಂದು ಒಮ್ಮೆ ತೋರಿಸುತ್ತೀರಾ?”

ತೋರಿಸಲು ನನ್ನ ಬಳಿ ಏನೂ ಇರಲಿಲ್ಲ. ಪರಿಶೀಲನೆ ನಡೆದದ್ದು ನಮ್ಮಲ್ಲಿ ಅಲ್ಲ, ಅವಳು ನೋಂದಾಯಿಸಿಕೊಂಡಿದ್ದ ಸಂಸ್ಥೆಯಲ್ಲಿ. ಪೂರ್ಣ ವರದಿ ಕೊಡಿ ಎಂದು ಅಲ್ಲಿ ಕೇಳಿದ್ದಕ್ಕೆ, ಅದು ಕಚೇರಿಯ ಒಳಗಿನ ಕಾಗದ, ವಿದ್ಯಾರ್ಥಿಗಳಿಗೆ ಕೊಡುವ ಕ್ರಮವಿಲ್ಲ ಎಂಬ ಉತ್ತರ ಸಿಕ್ಕಿತ್ತು. ತಿದ್ದಿಕೊಂಡು ಬಾ ಎಂದಿದ್ದರು. ಏನನ್ನು ತಿದ್ದಬೇಕೆಂದು ಹೇಳಿರಲಿಲ್ಲ.

ನಾನು ಕಾಸರಗೋಡಿನ ಉತ್ತರ ಭಾಗದ ಕಾಲೇಜೊಂದರಲ್ಲಿ ಗ್ರಂಥಪಾಲಕಿ. ಪುಸ್ತಕ ಕೊಡುವುದು, ಮರಳಿ ಪಡೆಯುವುದು ಹೊರಗಿನವರಿಗೆ ಕಾಣುವ ಕೆಲಸ. ಕಾಣದ ಕೆಲಸಗಳಲ್ಲಿ ಈ ಕೃತಿಚೌರ್ಯ ಪರಿಶೀಲನೆಯೂ ಒಂದು. ಪ್ರಬಂಧದ ಕಡತವನ್ನು ಸಾಫ್ಟ್‌ವೇರ್‌ಗೆ ಏರಿಸಿ, ಬಂದ ವರದಿಯನ್ನು ಓದಿ, ಪ್ರಮಾಣಪತ್ರಕ್ಕೆ ಸಹಿ ಹಾಕುವವರು ನನ್ನಂಥವರು. ‘ಓದಿ’ ಎಂಬ ಮಾತನ್ನು ಬೇಕೆಂದೇ ಬರೆದಿದ್ದೇನೆ. ಬಹಳ ಕಡೆ ಆ ಹಂತವೇ ಬಿಟ್ಟುಹೋಗಿದೆ. ಕಡತ ಏರುತ್ತದೆ, ಅಂಕೆ ಇಳಿಯುತ್ತದೆ, ಚೀಟಿ ಹೋಗುತ್ತದೆ.

ಈಚೆಗೆ ನಮ್ಮ ಭಾಗದ ಕೆಲವು ಸಂಶೋಧನಾರ್ಥಿಗಳು ಸೇರಿ ಕನ್ನಡದಲ್ಲೇ ಒಂದು ಮನವಿ ಬರೆದಿದ್ದಾರೆ. ನಮ್ಮ ಪ್ರಬಂಧವನ್ನು ಯಾವ ಸಾಫ್ಟ್‌ವೇರ್‌ನಲ್ಲಿ, ಯಾವ ಹೊಂದಿಕೆಗಳನ್ನು (ಸೆಟ್ಟಿಂಗ್) ಇಟ್ಟು ಪರೀಕ್ಷಿಸುತ್ತೀರಿ? ಪೂರ್ಣ ವರದಿಯನ್ನು ನಮಗೆ ಏಕೆ ಕೊಡುವುದಿಲ್ಲ? ಅದನ್ನು ಓದಿದವರು ಯಾರು? ನಮ್ಮ ಬರಹ ಸಾಫ್ಟ್‌ವೇರ್ ಕಂಪೆನಿಯ ದತ್ತಾಂಶದ ಕಣಜದಲ್ಲಿ ಉಳಿಯುತ್ತದೆಯೇ, ಉಳಿದರೆ ಎಷ್ಟು ಕಾಲ? ಮನವಿಯನ್ನು ಓದಿ ಕೆಲವು ಅಧ್ಯಾಪಕರಿಗೆ ಬೇಸರವಾಯಿತು. ಕದಿಯದವನಿಗೆ ಇಷ್ಟೊಂದು ಪ್ರಶ್ನೆ ಏಕೆ ಎಂದರು. ಈ ಕೆಲಸವನ್ನು ವರ್ಷಗಟ್ಟಲೆ ಮಾಡಿರುವ ನನಗೆ ಅನಿಸುವುದು ಬೇರೆ. ಇವು ಕದಿಯದವನೇ ಕೇಳಬೇಕಾದ ಪ್ರಶ್ನೆಗಳು. ಕದ್ದವನಿಗೆ ವರದಿಯಲ್ಲಿ ಏನಿದೆ ಎಂದು ಮೊದಲೇ ಗೊತ್ತಿರುತ್ತದೆ.

ಪೆರ್ಲದ ಹುಡುಗಿಯ ಕಥೆಗೆ ಮರಳುತ್ತೇನೆ. ಅವಳ ಮಾರ್ಗದರ್ಶಕರು ಹಿಂದೆ ಬಿದ್ದು ಲಿಖಿತವಾಗಿ ಕೇಳಿದ ಮೇಲೆ ಪೂರ್ಣ ವರದಿ ಬಂತು. ಇಂಥ ವರದಿಯಲ್ಲಿ ಇಡೀ ಪ್ರಬಂಧವೇ ಇರುತ್ತದೆ. ಬೇರೆಡೆಯ ಬರಹಕ್ಕೆ ಹೋಲುವ ಸಾಲುಗಳಿಗೆ ಬಣ್ಣ ಬಳಿದಿರುತ್ತದೆ. ಪ್ರತಿ ಬಣ್ಣಕ್ಕೂ ಒಂದು ಸಂಖ್ಯೆ. ಕೊನೆಯ ಪುಟಗಳಲ್ಲಿ ಆ ಸಂಖ್ಯೆಯ ಮುಂದೆ ಮೂಲ ಯಾವುದೆಂದು ಬರೆದಿರುತ್ತದೆ. ಓದಲು ಕಷ್ಟವಿಲ್ಲ, ತಾಳ್ಮೆ ಬೇಕು. ಒಂದು ಮಧ್ಯಾಹ್ನ ನಾವಿಬ್ಬರೂ ಕುಳಿತು ಪೆನ್ಸಿಲ್ ಹಿಡಿದು ಪುಟ ಪುಟ ಗುರುತು ಹಾಕಿದೆವು.

ಅವಳ ವಿಷಯ ಯಕ್ಷಗಾನ ಪ್ರಸಂಗ ಸಾಹಿತ್ಯ. ಮೂರನೆಯ ಅಧ್ಯಾಯ ತೆರೆದರೆ ಪುಟವಿಡೀ ಕೆಂಪು. ನೋಡಿದರೆ ಅವೆಲ್ಲ ಪ್ರಸಂಗದ ಪದ್ಯಗಳು. ಭಾಮಿನಿ, ವಾರ್ಧಕ, ತಾಳದ ಹಾಡುಗಳು. ಕನ್ನಡದಲ್ಲಿ ಪದ್ಯವನ್ನು ಉದ್ಧರಿಸುವಾಗ ಸಾಲನ್ನು ಒಳಕ್ಕೆ ಸರಿಸಿ ಬಿಡಿಯಾಗಿ ಅಚ್ಚು ಹಾಕುತ್ತೇವೆ, ಉದ್ಧರಣ ಚಿಹ್ನೆ ಹಾಕುವುದಿಲ್ಲ. ಸಾಫ್ಟ್‌ವೇರ್‌ಗೆ ಹೆಚ್ಚಾಗಿ ಗೊತ್ತಿರುವುದು ಚಿಹ್ನೆ ಮಾತ್ರ. ಕೆಲವಕ್ಕೆ ಜೋಡಿ ಚಿಹ್ನೆ ಇದ್ದರಷ್ಟೇ ಅದು ಉದ್ಧರಣೆಯೆಂದು ತಿಳಿಯುತ್ತದೆ. ನಾವು ಕನ್ನಡ ಪುಸ್ತಕಗಳಲ್ಲಿ ಬಳಸುವ ಒಂಟಿ ಚಿಹ್ನೆಯೂ ಅವುಗಳ ಲೆಕ್ಕಕ್ಕೆ ಬರುವುದಿಲ್ಲ. ಹೀಗೆ ಶೇ. 38ರಲ್ಲಿ 13 ಪದ್ಯಗಳ ಪಾಲಾಗಿತ್ತು. ಪ್ರತಿ ಪದ್ಯದ ಕೆಳಗೆ ಪ್ರಸಂಗದ ಹೆಸರೂ ಪುಟಸಂಖ್ಯೆಯೂ ಇದ್ದವು.

ಇನ್ನೊಂದು 12 ಅವಳವೇ ಎರಡು ಲೇಖನಗಳದು. ಅವನ್ನು ಬರೆಯದೆ ಅವಳಿಗೆ ಬೇರೆ ದಾರಿ ಇರಲಿಲ್ಲ. ಅವಳು ನೋಂದಾಯಿಸಿಕೊಂಡದ್ದು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2016ರ ಪಿಎಚ್.ಡಿ. ನಿಯಮಾವಳಿಯಡಿ. ಪ್ರಬಂಧ ಸಲ್ಲಿಸುವ ಮೊದಲು ಕನಿಷ್ಠ ಒಂದು ಲೇಖನ ಪ್ರಕಟವಾಗಿರಬೇಕು, ಎರಡು ಕಡೆ ಪ್ರಬಂಧ ಮಂಡಿಸಿರಬೇಕು ಎಂಬ ಷರತ್ತು ಆಗ ಇತ್ತು. 2022ರ ನಿಯಮಾವಳಿಯಲ್ಲಿ ಅದನ್ನು ಕೈಬಿಟ್ಟರು. ಪ್ರಕಟಿಸು ಎಂದು ಒಂದು ನಿಯಮ ಹೇಳಿತು, ಪ್ರಕಟಿಸಿದ್ದಕ್ಕೆ ಇನ್ನೊಂದು ಕಡೆ ಬಣ್ಣ ಬಳಿಯಲಾಯಿತು. ತನ್ನದೇ ಬರಹವನ್ನು ಹೇಳದೆ ಕೇಳದೆ ಮತ್ತೆ ಬಳಸುವುದೂ ತಪ್ಪೆಂದು ಯುಜಿಸಿ 2020ರ ಏಪ್ರಿಲ್‌ನಲ್ಲಿ ಪ್ರಕಟಣೆ ಹೊರಡಿಸಿದೆ, ನಿಜ. ಇವಳು ಪ್ರಸ್ತಾವನೆಯಲ್ಲೇ ಎರಡೂ ಲೇಖನಗಳ ವಿವರ ಕೊಟ್ಟಿದ್ದಳು. ಓದಿದವರಿಗೆ ತಿಳಿಯುತ್ತಿತ್ತು.

ಪ್ರಮಾಣಪತ್ರ, ಪರಿವಿಡಿ, ಗ್ರಂಥಋಣಗಳ ಪಾಲು 5. ‘ಕಾಸರಗೋಡು ಜಿಲ್ಲೆಯ ಯಕ್ಷಗಾನ ಪರಂಪರೆಯಲ್ಲಿ’ ಎಂಬಂಥ, ಈ ವಿಷಯದಲ್ಲಿ ಬರೆಯುವ ಯಾರೂ ತಪ್ಪಿಸಲಾಗದ ಪದಗುಚ್ಛಗಳು 5. ಉಳಿದದ್ದು 3. ಆ ಮೂರು ನಿಜವಾದ ತಪ್ಪು. ಎರಡನೆಯ ಅಧ್ಯಾಯದಲ್ಲಿ, ಯಕ್ಷಗಾನದ ತಿಟ್ಟುಗಳ (ಪ್ರಾದೇಶಿಕ ಶೈಲಿಗಳ) ಪರಿಚಯ ಕೊಡುವಲ್ಲಿ, ಹಳೆಯ ಪುಸ್ತಕವೊಂದರಿಂದ ಆರೇಳು ಪ್ಯಾರಾ ಹಾಗೆಯೇ ಬಂದಿದ್ದವು. ಐದು ವರ್ಷದ ಹಿಂದೆ ಟಿಪ್ಪಣಿ ಮಾಡಿಕೊಳ್ಳುವಾಗ ಮೂಲ ಬರೆದಿಟ್ಟುಕೊಂಡಿರಲಿಲ್ಲ. ಅದನ್ನು ನೋಡಿದಾಗ ಅವಳ ಮುಖ ಬಾಡಿತು. “ಇದು ನನ್ನದೇ ತಪ್ಪು, ಇದನ್ನು ತೆಗೆದು ಹೊಸದಾಗಿ ಬರೆಯುತ್ತೇನೆ” ಎಂದಳು. ಬರೆದಳು ಕೂಡ. ವರದಿ ಕೈಗೆ ಸಿಕ್ಕಿದ್ದರಿಂದ ತಾನೇ ಆ ತಪ್ಪು ಅವಳಿಗೆ ಕಂಡದ್ದು? ಚೀಟಿ ಮಾತ್ರ ಇಟ್ಟುಕೊಂಡು ತಿದ್ದಲು ಹೊರಟಿದ್ದರೆ ಏನಾಗುತ್ತಿತ್ತೆಂದು ನನಗೆ ಗೊತ್ತು, ಬೇರೆಯವರಲ್ಲಿ ನೋಡಿದ್ದೇನೆ. ಪದ್ಯಗಳನ್ನು ಕಿತ್ತು ಹಾಕುತ್ತಾರೆ, ಚೆನ್ನಾಗಿದ್ದ ವಾಕ್ಯಗಳಲ್ಲಿ ಒಂದೊಂದೇ ಪದ ಬದಲಿಸಿ ಕೆಡಿಸುತ್ತಾರೆ. ಕದ್ದ ಪ್ಯಾರಾ ಅಲ್ಲೇ ಉಳಿಯುತ್ತದೆ.

ಸಾಫ್ಟ್‌ವೇರ್ ಮಾಡುವ ಕೆಲಸ ಇಷ್ಟು: ಬರಹವನ್ನು ಕೆಲವು ಪದಗಳ ಸಣ್ಣ ತುಂಡುಗಳಾಗಿ ಕತ್ತರಿಸುತ್ತದೆ, ಪ್ರತಿ ತುಂಡಿಗೂ ಬೆರಳಚ್ಚಿನಂಥ ಒಂದು ಗುರುತು ಮಾಡಿಕೊಳ್ಳುತ್ತದೆ, ತನ್ನ ಕಣಜದಲ್ಲಿರುವ ಜಾಲತಾಣ, ಪತ್ರಿಕೆ, ಹಳೆಯ ಪ್ರಬಂಧಗಳ ಗುರುತುಗಳೊಂದಿಗೆ ತಾಳೆ ನೋಡುತ್ತದೆ. ತಾಳೆಯಾದ ಪದಗಳು ಒಟ್ಟು ಪದಗಳಲ್ಲಿ ಎಷ್ಟು ಪಾಲು ಎಂದು ಹೇಳುತ್ತದೆ. ಕದ್ದದ್ದೋ ಉದ್ಧರಿಸಿದ್ದೋ ಎಂದು ಅದು ಹೇಳುವುದಿಲ್ಲ, ಹೇಳಲು ಬರುವುದೂ ಇಲ್ಲ. ಗ್ರಂಥಋಣ ಬಿಡಬೇಕೇ, ಉದ್ಧರಣೆ ಬಿಡಬೇಕೇ, ಎಷ್ಟು ಪದಕ್ಕಿಂತ ಚಿಕ್ಕ ಹೋಲಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಎಂಬುದನ್ನೆಲ್ಲ ಮೇಜಿನ ಈಚೆ ಕುಳಿತ ನನ್ನಂಥವರು ಗುಂಡಿ ಒತ್ತಿ ನಿರ್ಧರಿಸುತ್ತೇವೆ. ಒಂದೇ ಪ್ರಬಂಧ, ಒಂದೇ ಸಾಫ್ಟ್‌ವೇರ್, ಹೊಂದಿಕೆ ಬದಲಿಸಿದರೆ ಅಂಕೆ ಬದಲಾಗುತ್ತದೆ. ಸಾಫ್ಟ್‌ವೇರ್ ಬದಲಾದರೆ ಕಣಜವೇ ಬೇರೆ, ಅಂಕೆಯೂ ಬೇರೆ. ಯುಜಿಸಿಯ ಅಂಗವಾದ ಇನ್‌ಫ್ಲಿಬ್‌ನೆಟ್ ಕೇಂದ್ರ 2019ರಲ್ಲಿ ‘ಶೋಧಶುದ್ಧಿ’ ಯೋಜನೆಯಡಿ ದೇಶದ ವಿಶ್ವವಿದ್ಯಾಲಯಗಳಿಗೆ ಮೊದಲು ಕೊಟ್ಟದ್ದು ಸ್ವೀಡನ್ ಮೂಲದ ಉರ್‌ಕುಂಡ್. ಅದು ಮುಂದೆ ಒರಿಜಿನಲ್ ಎಂಬ ಹೆಸರು ಪಡೆದು 2021ರಲ್ಲಿ ಇಂಥದೇ ಸಾಫ್ಟ್‌ವೇರ್ ಮಾಡುವ ಅಮೆರಿಕದ ಟರ್ನಿಟಿನ್ ಕಂಪೆನಿಯ ಪಾಲಾಯಿತು. ಆಮೇಲೆ ಯೋಜನೆಗೆ ಬಂದದ್ದು ಡ್ರಿಲ್‌ಬಿಟ್. ಪಿಎಚ್.ಡಿ. ಮುಗಿಸಲು ಐದಾರು ವರ್ಷ ಹಿಡಿಯುವ ವಿದ್ಯಾರ್ಥಿಯ ಕಾಲದಲ್ಲೇ ಅಳತೆಗೋಲು ಬದಲಾಗಿಬಿಡುತ್ತದೆ. ಯಾವ ಕೋಲಿನಿಂದ ಅಳೆದಿರಿ ಎಂದು ಅವನು ಕೇಳಿದರೆ ಅದನ್ನು ಉದ್ಧಟತನ ಎನ್ನುವುದು ಸರಿಯಲ್ಲ.

ಅಳತೆಯ ಫಲವೂ ಸಣ್ಣದಲ್ಲ. ಯುಜಿಸಿಯ 2018ರ ಕೃತಿಚೌರ್ಯ ತಡೆ ನಿಯಮಾವಳಿಯ ಪ್ರಕಾರ ಶೇ. 10ರವರೆಗಿನ ಹೋಲಿಕೆಗೆ ದಂಡನೆ ಇಲ್ಲ. 10ರಿಂದ 40ರವರೆಗೆ ಇದ್ದರೆ ಆರು ತಿಂಗಳು ಮೀರದ ಗಡುವಿನೊಳಗೆ ತಿದ್ದಿ ಸಲ್ಲಿಸಬೇಕು. 40 ದಾಟಿದರೆ ಒಂದು ವರ್ಷ ತಿದ್ದಿದ ಪ್ರತಿಯನ್ನು ಸಲ್ಲಿಸುವಂತೆಯೇ ಇಲ್ಲ. 60 ದಾಟಿದರೆ ನೋಂದಣಿ ರದ್ದು. ಪೆರ್ಲದ ಹುಡುಗಿ ಇನ್ನೊಂದು ಅಧ್ಯಾಯದಲ್ಲಿ ಇನ್ನಷ್ಟು ಪದ್ಯ ಉದ್ಧರಿಸಿದ್ದರೆ 38 ಎಂಬುದು 41 ಆಗುತ್ತಿತ್ತು, ಅವಳ ಒಂದು ವರ್ಷ ಹೋಗುತ್ತಿತ್ತು. ಅದೇ ನಿಯಮಾವಳಿ, ಮೂಲ ಹೇಳಿದ ಉದ್ಧರಣೆ, ಗ್ರಂಥಋಣ, ಪರಿವಿಡಿ, ಮುನ್ನುಡಿ, ಕೃತಜ್ಞತೆಗಳನ್ನು ಲೆಕ್ಕದಿಂದ ಬಿಡಬೇಕೆಂದು ಸ್ಪಷ್ಟವಾಗಿ ಬರೆದಿದೆ. ಅವಳ ಚೀಟಿಯಲ್ಲಿದ್ದ ಅಂಕೆ ಅದಾವುದನ್ನೂ ಬಿಡದೆ ಬಂದದ್ದು.

ಕನ್ನಡದ ಪ್ರಬಂಧಗಳಲ್ಲಿ ಈ ಅಂಕೆ ಇನ್ನೂ ಹೆಚ್ಚು ದಾರಿ ತಪ್ಪಿಸುತ್ತದೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ನಿಯಮಾವಳಿಯಲ್ಲಿ ಹದಿನಾಲ್ಕು ಪದಗಳ ಒಂದು ವಿನಾಯಿತಿ ಇದೆ. ಸಾಮಾನ್ಯ ತಿಳಿವಳಿಕೆಯ ಮಾತು, ಕಾಕತಾಳೀಯವಾಗಿ ಒಂದೇ ತೆರನಾದ ಮಾತು, ಒಂದರ ಹಿಂದೊಂದರಂತೆ 14 ಪದಗಳವರೆಗೆ ಇದ್ದರೆ ಬಿಡಬೇಕು. ಇಂಗ್ಲಿಷಿಗೆ ಅಳೆದು ಮಾಡಿದ ಅಂಗಿ ಇದು. ‘ಬದಿಯಡ್ಕದಲ್ಲಿರುವವರೆಲ್ಲರಿಗೂ’ ಎಂಬುದು ಕನ್ನಡದಲ್ಲಿ ಒಂದು ಪದ. ಇಂಗ್ಲಿಷಿನಲ್ಲಿ ಅದಕ್ಕೆ ಏಳು ಪದ ಬೇಕು. ವಿಭಕ್ತಿಯನ್ನೂ ಸಂಧಿಯನ್ನೂ ಒಡಲಲ್ಲಿ ಇಟ್ಟುಕೊಳ್ಳುವ ಭಾಷೆಯಲ್ಲಿ 14 ಪದ ಎಂದರೆ ಒಂದು ತುಂಬು ವಾಕ್ಯ, ಕೆಲವೊಮ್ಮೆ ಎರಡು. ಆದ್ದರಿಂದ ಕನ್ನಡದಲ್ಲಿ ಕದಿಯುವವನಿಗೆ ಸಿಗುವ ಸಡಿಲಿಕೆ ಹೆಚ್ಚು. ‘ಪ್ರಸಂಗದಲ್ಲಿ’ ಎಂದಿದ್ದುದನ್ನು ‘ಪ್ರಸಂಗದೊಳಗೆ’ ಎಂದು ಮಾಡಿದರೆ, ‘ಹೇಳಬೇಕಾಗಿದೆ’ ಎಂಬುದನ್ನು ಬಿಡಿಸಿ ‘ಹೇಳಬೇಕು ಆಗಿದೆ’ ಎಂದು ಬರೆದರೆ ಸರಪಳಿ ಕಡಿದುಹೋಗುತ್ತದೆ, ಬಣ್ಣ ಬೀಳುವುದಿಲ್ಲ.

ಅಕ್ಷರಗಳ ಮಟ್ಟದಲ್ಲೂ ತೊಡಕಿದೆ. ನಮ್ಮ ಕಣ್ಣಿಗೆ ‘ಕೊ’ ಎಂದು ಒಂದೇ ಆಗಿ ಕಾಣುವ ಅಕ್ಷರವನ್ನು ಯುನಿಕೋಡ್ ಎಂಬ ಏಕರೂಪದ ಅಕ್ಷರ ಸಂಕೇತ ವ್ಯವಸ್ಥೆಯಲ್ಲಿ ಎರಡು ಬಗೆಯಾಗಿ ದಾಖಲಿಸಬಹುದು. ಒತ್ವಕ್ಕೆ ಒಂದೇ ಸಂಕೇತ ಕೊಡಬಹುದು, ಇಲ್ಲವೇ ಎತ್ವ ಮತ್ತು ಊತ್ವದ ಚಿಹ್ನೆಗಳನ್ನು ಜೋಡಿಸಬಹುದು. ಎರಡನ್ನೂ ಒಂದೇ ರೂಪಕ್ಕೆ ತಾರದ ಸಾಫ್ಟ್‌ವೇರ್‌ಗೆ ಅವು ಬೇರೆ ಬೇರೆ ಪದಗಳು. ಪಿಡಿಎಫ್‌ನಿಂದ ಕನ್ನಡವನ್ನು ಹೊರತೆಗೆಯುವಾಗ ಒತ್ತಕ್ಷರಗಳು ಜಾರಿ ಬೀಳುವುದನ್ನಂತೂ ಕನ್ನಡ ಟೈಪ್ ಮಾಡುವ ಎಲ್ಲರೂ ನೋಡಿರುತ್ತಾರೆ.

ಎಲ್ಲಕ್ಕಿಂತ ದೊಡ್ಡ ಮೋಸ ಹಳೆಯ ‘ನುಡಿ’, ‘ಬರಹ’ ತಂತ್ರಾಂಶಗಳ ಅಕ್ಷರವಿನ್ಯಾಸಗಳದು. ಮೋಸ ಮಾಡುವ ಉದ್ದೇಶ ಯಾರಿಗೂ ಇಲ್ಲದೆಯೇ ಅದು ನಡೆಯುತ್ತದೆ. ಯುನಿಕೋಡ್ ಅಲ್ಲದ ಆ ಅಕ್ಷರಗಳಲ್ಲಿ ಟೈಪ್ ಮಾಡಿದ ಪ್ರಬಂಧ ಪರದೆಯ ಮೇಲೆ ಅಚ್ಚುಕಟ್ಟಾದ ಕನ್ನಡ. ಕಂಪ್ಯೂಟರಿನ ಒಡಲಲ್ಲಿ ಅದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಅರ್ಥವಿಲ್ಲದ ಗೋಜಲು. ಸಾಫ್ಟ್‌ವೇರ್ ಓದುವುದು ಒಡಲನ್ನು. ಒಮ್ಮೆ ನನ್ನ ಮೇಜಿಗೆ ಬಂದ 180 ಪುಟದ ಪ್ರಬಂಧದ ಫಲಿತಾಂಶ ಶೇ. 0 ಎಂದಿತ್ತು. ಸೊನ್ನೆ ಬರುವುದು ಸಾಧ್ಯವೇ ಇಲ್ಲ, ಪ್ರಮಾಣಪತ್ರದ ಒಕ್ಕಣೆಯಾದರೂ ಹೋಲಬೇಕು. ಕಡತ ತೆರೆದು ನೋಡಿದರೆ ನುಡಿ. ಯುನಿಕೋಡ್‌ಗೆ ಪರಿವರ್ತಿಸಿ ಮತ್ತೆ ಹಾಕಿದಾಗ 22 ಬಂತು. ಸೊನ್ನೆ ಬಂದ ಚೀಟಿಯನ್ನು ಯಾರೂ ಪ್ರಶ್ನಿಸುವುದಿಲ್ಲ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ. ನುಡಿಯಲ್ಲಿ ಟೈಪ್ ಮಾಡಿಸಿದವನಿಗೆ ಸೊನ್ನೆ, ಕಷ್ಟಪಟ್ಟು ಯುನಿಕೋಡ್ ಕಲಿತು ತಾನೇ ಟೈಪ್ ಮಾಡಿದವಳಿಗೆ 38.

ಗಡಿನಾಡಿನಲ್ಲಿ ಇನ್ನೊಂದು ಬಾಗಿಲು ತೆರೆದೇ ಇದೆ. ಮಲಯಾಳದ ಅಧ್ಯಯನವೊಂದರ ಒಂದು ಅಧ್ಯಾಯವನ್ನು ಸಾಲು ಸಾಲಾಗಿ ಕನ್ನಡಕ್ಕೆ ಇಳಿಸಿದ್ದ ಪ್ರಬಂಧವೊಂದು ಪರಿಶೀಲನೆಯಲ್ಲಿ ಶೇ. 4 ಪಡೆದು ಸಲೀಸಾಗಿ ದಾಟಿತ್ತು. ಅದನ್ನು ಹಿಡಿದವರು ಎರಡೂ ಭಾಷೆ ಬಲ್ಲ ಹಿರಿಯ ಅಧ್ಯಾಪಕರೊಬ್ಬರು. ‘ಈ ವಾಕ್ಯಗಳು ಕನ್ನಡದಲ್ಲಿ ಹುಟ್ಟಿದ್ದಲ್ಲ’ ಎಂದು ಅನುಮಾನ ಬಂದು ಮೂಲವನ್ನು ಹುಡುಕಿ ತಂದರು. ನಾನು ಕೃತಿಚೌರ್ಯದ ವಿಷಯದಲ್ಲಿ ಮೃದುವಲ್ಲ. ಆ ಪ್ರಬಂಧ ವಾಪಸ್ಸು ಹೋದದ್ದು ಸರಿ. ಆದರೆ ಅದನ್ನು ಹಿಡಿದದ್ದು ಓದುವ ಕಣ್ಣು.

2020ರಲ್ಲಿ ಯುರೋಪಿನ ಸಂಶೋಧಕರ ತಂಡವೊಂದು ಇಂಥ 15 ಸಾಫ್ಟ್‌ವೇರ್‌ಗಳನ್ನು ಎಂಟು ಭಾಷೆಗಳಲ್ಲಿ ಪರೀಕ್ಷಿಸಿ ಫಲಿತಾಂಶ ಪ್ರಕಟಿಸಿತು. ಎಂಟರಲ್ಲಿ ಭಾರತದ ಭಾಷೆ ಒಂದೂ ಇಲ್ಲ. ಅನುವಾದಿಸಿ ಕದ್ದದ್ದನ್ನು ಹಿಡಿಯುವುದರಲ್ಲಿ ಅವು ಸೋತವೆಂದು ಅಲ್ಲಿಯೂ ಕಂಡುಬಂತು. ಕನ್ನಡಕ್ಕೂ ಇಂಥದೊಂದು ಪರೀಕ್ಷೆ ಬೇಕು. ಅದನ್ನು ನಮ್ಮ ವಿಶ್ವವಿದ್ಯಾಲಯಗಳ ಕನ್ನಡ ವಿಭಾಗ, ಕಂಪ್ಯೂಟರ್ ವಿಭಾಗಗಳು ಸೇರಿ ಮಾಡಿದರೆ ಅದೇ ಒಂದು ಒಳ್ಳೆಯ ಸಂಶೋಧನೆಯಾದೀತು.

ವಿದ್ಯಾರ್ಥಿಗಳ ಮನವಿಯನ್ನು ನಾನು ಬೆಂಬಲಿಸಲು ಇನ್ನೊಂದು ಕಾರಣವಿದೆ. ಅವರು ಹೊಸದಾಗಿ ಏನನ್ನೂ ಕೇಳುತ್ತಿಲ್ಲ. 2018ರ ನಿಯಮಾವಳಿಯನ್ನು ತೆರೆದು ಓದಿದರೆ ಬಹುಪಾಲು ಉತ್ತರ ಅಲ್ಲೇ ಇದೆ. ಪರಿಶೀಲನೆಯ ವ್ಯವಸ್ಥೆ ವಿದ್ಯಾರ್ಥಿಗಳೂ ಸೇರಿ ಸಂಶೋಧನೆಯಲ್ಲಿ ತೊಡಗಿದ ಎಲ್ಲರಿಗೂ ಲಭ್ಯವಿರಬೇಕು ಎಂದಿದೆ. ಸಂಸ್ಥೆಯ ಕೃತಿಚೌರ್ಯ ನೀತಿಯನ್ನು ಜಾಲತಾಣದ ಮುಖಪುಟದಲ್ಲಿ ಇಡಬೇಕು ಎಂದಿದೆ. ಪ್ರತಿ ಸೆಮಿಸ್ಟರಿನಲ್ಲಿ ಈ ಬಗ್ಗೆ ತಿಳಿವಳಿಕೆ ಕಾರ್ಯಕ್ರಮ ನಡೆಸಬೇಕು ಎಂದಿದೆ. ಆರೋಪ ಬಂದರೆ ಮೊದಲು ವಿಭಾಗ ಮಟ್ಟದ ಸಮಿತಿ ನೋಡಬೇಕು. ಅದರಲ್ಲಿ ವಿಭಾಗದ ಮುಖ್ಯಸ್ಥರು, ವಿಭಾಗದ ಹೊರಗಿನ ಒಬ್ಬ ಹಿರಿಯ ವಿದ್ವಾಂಸರು, ಇಂಥ ಸಾಫ್ಟ್‌ವೇರ್‌ಗಳನ್ನು ಚೆನ್ನಾಗಿ ಬಲ್ಲ ಒಬ್ಬರು ಇರಬೇಕು. ಸಹಜ ನ್ಯಾಯದ ತತ್ವವನ್ನು ಪಾಲಿಸಬೇಕು. 45 ದಿನಗಳಲ್ಲಿ ವರದಿಯನ್ನು ಸಂಸ್ಥೆಯ ಮಟ್ಟದ ಸಮಿತಿಗೆ ಕೊಡಬೇಕು. ಆ ಸಮಿತಿಯ ವರದಿಯ ಪ್ರತಿ ಆರೋಪಕ್ಕೆ ಒಳಗಾದವರಿಗೆ ಸಿಗಬೇಕು. ಸಹಜ ನ್ಯಾಯ ಎಂದರೆ ದೊಡ್ಡ ಮಾತೇನಲ್ಲ. ನಿನ್ನ ಮೇಲಿರುವ ಆರೋಪ ಇದು, ಸಾಕ್ಷ್ಯ ಇದು, ನಿನ್ನ ಉತ್ತರ ಏನು ಎಂದು ಕೇಳುವುದು. ಚೀಟಿಯಲ್ಲಿ ಬರೆದ ಅಂಕೆ ಸಾಕ್ಷ್ಯವಲ್ಲ.

ಸರಕಾರಿ ವಿಶ್ವವಿದ್ಯಾಲಯಗಳಿಗೆ ಮಾಹಿತಿ ಹಕ್ಕು ಕಾಯಿದೆಯೂ ಅನ್ವಯಿಸುತ್ತದೆ. ಮೌಲ್ಯಮಾಪನವಾದ ಉತ್ತರಪತ್ರಿಕೆಯನ್ನು ನೋಡುವ ಹಕ್ಕು ವಿದ್ಯಾರ್ಥಿಗೆ ಈ ಕಾಯಿದೆಯಡಿ ಇದೆ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿದೆ. ಉತ್ತರಪತ್ರಿಕೆಗೆ ಸಲ್ಲುವ ನ್ಯಾಯ ಐದು ವರ್ಷದ ದುಡಿಮೆಯ ಪ್ರಬಂಧದ ವರದಿಗೂ ಸಲ್ಲಬೇಕು ಎಂಬುದು ನನ್ನ ಅಭಿಪ್ರಾಯ. ಹಾಗಿದ್ದರೂ ವಿದ್ಯಾರ್ಥಿಗಳು ಹತ್ತು ರೂಪಾಯಿ ಶುಲ್ಕ ಕಟ್ಟಿ ಮೂವತ್ತು ದಿನ ಕಾಯುವ ಸ್ಥಿತಿ ಬರಬಾರದು. ಒಂದು ಇಮೇಲ್‌ನಲ್ಲಿ ಮುಗಿಯುವ ಕೆಲಸ ಇದು.

ಈ ಊರಿನವಳಾಗಿ ಒಂದು ಮಾತು ಹೇಳಬೇಕೆನಿಸುತ್ತದೆ. ಕೃತಿ ಯಾರದು ಎಂಬ ಪ್ರಶ್ನೆ ನಮ್ಮ ನೆಲಕ್ಕೆ ಹೊಸದಲ್ಲ. ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ಹೆಸರಿನಲ್ಲಿ ನಾವು ಹಾಡುವ ರಾಮಾಯಣದ ಪ್ರಸಂಗಗಳು ಅವನವೇ ಎಂದು ವಿದ್ವಾಂಸ ಮುಳಿಯ ತಿಮ್ಮಪ್ಪಯ್ಯನವರು ವಾದಿಸಿದರು. ಶಿವರಾಮ ಕಾರಂತರು ಅದನ್ನು ಒಪ್ಪಲಿಲ್ಲ. ಇಬ್ಬರೂ ತಮ್ಮ ಆಧಾರಗಳನ್ನು ಓದುಗರ ಮುಂದೆ ಇಟ್ಟು ಮಾತಾಡಿದರು. ಬೇಕಾದವರು ಇಂದಿಗೂ ಎರಡನ್ನೂ ಓದಿ ತೂಗಿ ನೋಡಬಹುದು. ಅದೇ ಪ್ರಸಂಗಗಳ ಪದ್ಯವನ್ನು ಮೂಲ ಹೇಳಿ ಉದ್ಧರಿಸಿದ ಹುಡುಗಿಗೆ ಆಧಾರ ತೋರಿಸದೆ ಕಳ್ಳತನದ ಚೀಟಿ ಕೊಟ್ಟು ಕಳಿಸಿದ್ದು ನನಗೆ ನುಂಗಲಾಗದ ತುತ್ತು.

ಇತ್ತೀಚೆಗೆ ಇದರ ಜೊತೆಗೆ ಇನ್ನೊಂದು ಅಂಕೆ ಬರತೊಡಗಿದೆ: ಕೃತಕ ಬುದ್ಧಿಮತ್ತೆ ಬರೆದದ್ದು ಶೇ. ಇಷ್ಟು. ಇದರ ಬಗ್ಗೆ ನನ್ನ ಎಚ್ಚರಿಕೆ ಇನ್ನೂ ಕಟುವಾದದ್ದು. ಹೋಲಿಕೆಯ ವರದಿಯಲ್ಲಿ ಮೂಲದ ವಿಳಾಸವಾದರೂ ಇರುತ್ತದೆ, ತೆರೆದು ನೋಡಬಹುದು. ಇಲ್ಲಿ ಮೂಲವೇ ಇಲ್ಲ, ವಾಕ್ಯದ ನಡೆ ನೋಡಿ ಮಾಡಿದ ಊಹೆ ಮಾತ್ರ. ಟರ್ನಿಟಿನ್ 2023ರ ಏಪ್ರಿಲ್‌ನಲ್ಲಿ ಈ ಸೌಲಭ್ಯ ಕೊಟ್ಟಾಗ ತಪ್ಪಾಗಿ ಆರೋಪಿಸುವ ಸಾಧ್ಯತೆ ಶೇ. 1ಕ್ಕಿಂತ ಕಡಿಮೆ ಎಂದಿತ್ತು. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ ಲೆಕ್ಕ ಹಾಕಿ ನೋಡಿತು. ಹಿಂದಿನ ವರ್ಷ ಅಲ್ಲಿ ಪರಿಶೀಲಿಸಿದ್ದು 75,000 ಬರಹ. ಶೇ. 1 ಎಂದರೂ 750 ನಿರಪರಾಧಿ ಬರಹಗಳು. ಆ ಸಾಧನ ಹೇಗೆ ನಿರ್ಧರಿಸುತ್ತದೆ ಎಂಬುದನ್ನು ಕಂಪೆನಿ ವಿವರವಾಗಿ ಹೇಳುತ್ತಿಲ್ಲ ಎಂಬ ಕಾರಣವನ್ನೂ ಕೊಟ್ಟು ಆಗಸ್ಟ್‌ನಲ್ಲಿ ಆ ಸೌಲಭ್ಯವನ್ನು ನಿಲ್ಲಿಸಿತು. ಚಾಟ್‌ಜಿಪಿಟಿಯನ್ನು ಮಾಡಿದ ಓಪನ್‌ಎಐ ಕಂಪೆನಿಯೇ ತಾನು ಮಾಡಿದ್ದ ಪತ್ತೆ ಸಾಧನವನ್ನು, ನಿಖರತೆ ಕಡಿಮೆ ಎಂದು, ಅದೇ ವರ್ಷದ ಜುಲೈಯಲ್ಲಿ ಹಿಂದೆಗೆದುಕೊಂಡಿತು.

ನಮ್ಮ ಮಕ್ಕಳಿಗೆ ಹೆಚ್ಚು ಸಂಬಂಧಿಸಿದ್ದು ಸ್ಟ್ಯಾನ್‌ಫರ್ಡ್ ಸಂಶೋಧಕರ 2023ರ ಅಧ್ಯಯನ. ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಗೆ ಬರೆದ 91 ಪ್ರಬಂಧಗಳನ್ನು ಏಳು ಪತ್ತೆ ಸಾಧನಗಳಿಗೆ ಕೊಟ್ಟರು. ಮನುಷ್ಯರೇ ಬರೆದ ಆ ಪ್ರಬಂಧಗಳನ್ನು ಯಂತ್ರದ್ದೆಂದು ತಪ್ಪಾಗಿ ಗುರುತಿಸಿದ್ದು ಸರಾಸರಿ ಶೇ. 61. ಸರಳ ಪದ, ನಿಯಮಿತ ವಾಕ್ಯ, ಶಾಲೆಯಲ್ಲಿ ಕಲಿಸಿದ ಇಂಗ್ಲಿಷ್ ಇವೆಲ್ಲ ಆ ಸಾಧನಗಳ ಕಣ್ಣಿಗೆ ಯಂತ್ರದ ಲಕ್ಷಣ. ಕಾಸರಗೋಡನ್ನು ಸಪ್ತಭಾಷಾ ಸಂಗಮ ಭೂಮಿ ಎನ್ನುತ್ತೇವೆ. ಮನೆಯಲ್ಲಿ ತುಳುವೋ ಕರಾಡ ಮರಾಠಿಯೋ ಹವ್ಯಕ ಕನ್ನಡವೋ, ಶಾಲೆಯಲ್ಲಿ ಪುಸ್ತಕದ ಕನ್ನಡ, ಪೇಟೆಯಲ್ಲಿ ಮಲಯಾಳ, ಇವೆಲ್ಲದರ ಮೇಲೆ ಕಾಲೇಜಿನಲ್ಲಿ ಇಂಗ್ಲಿಷ್ ಕಲಿತ ಹುಡುಗ ಎಚ್ಚರಿಕೆಯಿಂದ ಜೋಡಿಸಿ ಬರೆಯುವ ಇಂಗ್ಲಿಷ್ ಹೇಗಿರುತ್ತದೆಂದು ನನಗೆ ಗೊತ್ತು. ಆ ಎಚ್ಚರಿಕೆಯನ್ನೇ ಅಪರಾಧದ ಗುರುತಾಗಿ ಎಣಿಸುವ ಅಂಕೆಯನ್ನು ನನ್ನ ಪ್ರಮಾಣಪತ್ರದಲ್ಲಿ ನಾನು ಬರೆಯುವುದಿಲ್ಲ.

ಬರಹ ಉಳಿಯುವ ಪ್ರಶ್ನೆಗೆ ಬರುತ್ತೇನೆ. ಕಡತ ಏರಿಸುವಾಗ ಅದನ್ನು ಕಣಜಕ್ಕೆ ಸೇರಿಸಬೇಕೇ ಬೇಡವೇ ಎಂಬ ಆಯ್ಕೆ ಸಾಮಾನ್ಯವಾಗಿ ಇರುತ್ತದೆ. ಗಮನವಿಲ್ಲದೆ ಮೊದಲ ಕರಡನ್ನೇ ಸೇರಿಸಿಬಿಟ್ಟರೆ, ತಿದ್ದಿದ ಪ್ರತಿ ಎರಡನೆಯ ಸಲ ಬಂದಾಗ ವಿದ್ಯಾರ್ಥಿ ತನ್ನ ಪ್ರಬಂಧವನ್ನೇ ಕದ್ದಂತಾಗುತ್ತದೆ. ಶೇ. 90ಕ್ಕೂ ಮೇಲೆ ಹೋದ ಇಂಥ ಎರಡು ವರದಿಗಳನ್ನು ನಾನೇ ಕಂಡಿದ್ದೇನೆ. ಎರಡರಲ್ಲೂ ತಪ್ಪು ಕಡತ ಏರಿಸಿದವರದು, ಎರಡರಲ್ಲೂ ನಿದ್ದೆಗೆಟ್ಟವರು ವಿದ್ಯಾರ್ಥಿಗಳು.

ಹಕ್ಕಿನ ಮಾತು ಬೇರೆಯೇ ಇದೆ. ತಮ್ಮ ಬರಹವನ್ನು ಒಪ್ಪಿಗೆಯಿಲ್ಲದೆ ಕಣಜದಲ್ಲಿ ಇಟ್ಟುಕೊಂಡಿತೆಂದು ಅಮೆರಿಕದ ನಾಲ್ವರು ಶಾಲಾ ವಿದ್ಯಾರ್ಥಿಗಳು 2007ರಲ್ಲಿ ಟರ್ನಿಟಿನ್‌ನ ಮಾತೃಸಂಸ್ಥೆಯ ಮೇಲೆ ದಾವೆ ಹೂಡಿದ್ದರು. ಅದು ನ್ಯಾಯಸಮ್ಮತ ಬಳಕೆ ಎಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯ 2009ರಲ್ಲಿ ಹೇಳಿತು, ವಿದ್ಯಾರ್ಥಿಗಳು ಸೋತರು. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಬರಹವನ್ನು ಆ ಸಾಫ್ಟ್‌ವೇರ್‌ಗೆ ಕೊಡಲು ಒಪ್ಪದ ವಿದ್ಯಾರ್ಥಿಯ ಪರವಾಗಿ 2004ರಲ್ಲಿ ನಿರ್ಣಯವಾಗಿ, ಅದಿಲ್ಲದೆಯೇ ಅವನ ಪ್ರಬಂಧಗಳಿಗೆ ಅಂಕ ಕೊಟ್ಟರು. ಎರಡು ದೇಶಗಳಲ್ಲಿ ಎರಡು ಉತ್ತರ. ನಮ್ಮಲ್ಲಿ ಪದವಿ ಸಿಕ್ಕಿದ ಮೇಲೆ ಪ್ರಬಂಧ ಹೇಗೂ ಶೋಧಗಂಗಾ ಎಂಬ ಆನ್‌ಲೈನ್ ಪ್ರಬಂಧ ಭಂಡಾರಕ್ಕೆ ಸೇರಿ ಎಲ್ಲರಿಗೂ ತೆರೆದುಕೊಳ್ಳುತ್ತದೆ, ಅದು ಒಳ್ಳೆಯದು. ಪದವಿಗೆ ಮುಂಚಿನ ಕರಡು ಖಾಸಗಿ ಕಂಪೆನಿಯ ಬಳಿ ಏಕೆ ಇರಬೇಕು ಎಂಬ ವಿದ್ಯಾರ್ಥಿಗಳ ಪ್ರಶ್ನೆಗೆ ನ್ಯಾಯವಾದ ಉತ್ತರ ನನಗೆ ಹೊಳೆಯುತ್ತಿಲ್ಲ.

ಪೆರ್ಲದ ಹುಡುಗಿ ಮೂರೂವರೆ ತಿಂಗಳಲ್ಲಿ ತಿದ್ದಿದ ಪ್ರತಿ ಸಲ್ಲಿಸಿದಳು. ಜೊತೆಗೆ ನಾವಿಬ್ಬರೂ ಸೇರಿ ತಯಾರಿಸಿದ ನಾಲ್ಕು ಪುಟದ ವಿವರಣೆ ಇತ್ತು. ಯಾವ ಬಣ್ಣ ಏಕೆ ಬಿದ್ದಿದೆ, ಯಾವ ಪದ್ಯ ಎಲ್ಲಿಯದು, ಯಾವ ಪ್ಯಾರಾ ಹೊಸದಾಗಿ ಬರೆದದ್ದು ಎಂದು ಸಾಲು ಸಾಲಾಗಿ. ಪದ್ಯಗಳನ್ನು ಒಂದೂ ತೆಗೆಯಲಿಲ್ಲ. ಮೌಖಿಕ ಪರೀಕ್ಷೆಯಲ್ಲಿ ಆ ನಾಲ್ಕು ಪುಟವನ್ನು ಪರೀಕ್ಷಕರು ಕೈಯಲ್ಲಿ ಹಿಡಿದೇ ಪ್ರಶ್ನೆ ಕೇಳಿದರಂತೆ.

ಅಂದಿನಿಂದ ನಮ್ಮ ಗ್ರಂಥಾಲಯದಲ್ಲಿ ಪ್ರಮಾಣಪತ್ರದ ಜೊತೆಗೆ ಪೂರ್ಣ ವರದಿಯನ್ನು ವಿದ್ಯಾರ್ಥಿಗೂ ಮಾರ್ಗದರ್ಶಕರಿಗೂ ಕಳಿಸುತ್ತೇವೆ. ಸಾಫ್ಟ್‌ವೇರಿನ ಹೆಸರು, ದಿನಾಂಕ, ಬಿಟ್ಟ ಭಾಗಗಳು, ಕಡತ ಯುನಿಕೋಡ್ ಹೌದೇ ಅಲ್ಲವೇ, ಕಣಜಕ್ಕೆ ಸೇರಿಸಿದ್ದೇವೆಯೇ, ಓದಿದವರ ಹೆಸರು, ಇಷ್ಟನ್ನು ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲೂ ಒಂದು ಹಾಳೆಯಲ್ಲಿ ಬರೆದು ಲಗತ್ತಿಸುತ್ತೇವೆ. ಒಂದು ಪ್ರಬಂಧಕ್ಕೆ ಅರ್ಧ ದಿನ ಹೆಚ್ಚು ಹಿಡಿಯುತ್ತದೆ. ಸಿಬ್ಬಂದಿ ಕಡಿಮೆ ಇರುವ ಕಡೆ ಅದು ಕಷ್ಟ, ಒಪ್ಪುತ್ತೇನೆ. ಆದರೂ ಒಬ್ಬರ ಐದು ವರ್ಷದ ಎದುರು ನನ್ನ ಅರ್ಧ ದಿನ ಹೆಚ್ಚಲ್ಲ.

ವಿದ್ಯಾರ್ಥಿಗಳ ಮನವಿಯಲ್ಲಿದ್ದ ಬೇರೆ ಪ್ರಶ್ನೆಗಳಿಗೆ ಆ ಹಾಳೆಯಲ್ಲೇ ಉತ್ತರ ಇದೆ. ಎಷ್ಟು ಕಾಲ ಉಳಿಯುತ್ತದೆ ಎಂಬ ಒಂದಕ್ಕೆ ಇಲ್ಲ. ಹಳೆಯ ಕರಡುಗಳನ್ನು ಅಳಿಸಬಹುದೇ, ಅಳಿಸಿದ್ದಕ್ಕೆ ಲಿಖಿತ ದೃಢೀಕರಣ ಕೊಡುತ್ತೀರಾ ಎಂದು ಕೇಳಿ ಕಂಪೆನಿಗೆ ಬರೆದ ಪತ್ರಕ್ಕೆ, ‘ತಲುಪಿದೆ’ ಎಂದು ತಾನಾಗಿ ಬರುವ ಮರುಟಪಾಲು ಮಾತ್ರ ಸಿಕ್ಕಿದೆ. ಮೊನ್ನೆ ಇನ್ನೊಂದು ಪತ್ರ ಕಳಿಸಿದ್ದೇನೆ. ಈ ಸಲ ಮನವಿಗೆ ಸಹಿ ಹಾಕಿದವರೆಲ್ಲರ ಹೆಸರನ್ನೂ, ಅವರ ಒಪ್ಪಿಗೆ ಪಡೆದು, ಪತ್ರದ ಕೆಳಗೆ ಸೇರಿಸಿದ್ದೇನೆ.